ಹೆಸರು ಹೀಬ್ರೂವಿನಲ್ಲಿ, ಕೆತ್ತನೆ ಎಲ್ಲಿ? ಉಡುಗೊರೆಯ ಪವರ್ ಬ್ಯಾಂಕ್ ಆರಿಸುವವರಿಗೊಂದು ಮಾರ್ಗದರ್ಶಿ

ಇಸ್ರೇಲಿನ ಮನೆಗಳಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುತ್ತಿರುವ ಮಂಗಳೂರು, ಉಡುಪಿ ಕಡೆಯವರು ಬಹಳ ಮಂದಿ ಇದ್ದಾರೆ. ಟೆಲ್ ಅವೀವ್‌ನಲ್ಲಿ ಮುಖ್ಯ ಕಚೇರಿಯಿರುವ ಕಂಪನಿಗಳಿಗಾಗಿ ಬೆಂಗಳೂರಿನಲ್ಲಿ ಕುಳಿತು ದುಡಿಯುವವರೂ ಇದ್ದಾರೆ. ಈ ಎರಡೂ ಗುಂಪಿನವರಿಗೆ ಆಗಾಗ ಎದುರಾಗುವ ಪ್ರಶ್ನೆ ಒಂದೇ: ಮನೆಯ ಅಜ್ಜಿಯ ಮೊಮ್ಮಗನಿಗೆ ಹದಿಮೂರು ತುಂಬಿ, ಪ್ರಾಪ್ತ ವಯಸ್ಸಿಗೆ ಬಂದುದನ್ನು ಸಾರುವ ಯಹೂದಿ ಆಚರಣೆಯಾದ ಬಾರ್ ಮಿತ್ಸ್ವಾ ನಡೆಯುವಾಗ, ಅಥವಾ ಸಹೋದ್ಯೋಗಿಯ ಮಗಳಿಗೆ ಹನ್ನೆರಡು ತುಂಬಿ ಬಾತ್ ಮಿತ್ಸ್ವಾ ಆಗುವಾಗ, ಕೈಯಲ್ಲಿ ಏನು ಹಿಡಿದು ಹೋಗಬೇಕು? ಅಲ್ಲಿ ಹಣ ಕೊಡುವ ವಾಡಿಕೆಯಿದೆ, ಅದನ್ನೂ ಅನೇಕರು 18ರ ಲೆಕ್ಕದಲ್ಲಿ ಕೊಡುತ್ತಾರೆ. ‘ಬದುಕಿರುವ’ ಎಂಬರ್ಥದ ‘ಹಾಯ್’ ಎಂಬ ಹೀಬ್ರೂ ಪದದ ಎರಡು ಅಕ್ಷರಗಳಾದ ಹೇತ್ ಮತ್ತು ಯೋದ್‌ಗಳ ಸಂಖ್ಯಾಬೆಲೆ ಎಂಟು ಮತ್ತು ಹತ್ತು ಎಂಬುದು ಇದರ ಹಿಂದಿನ ಕಾರಣ. ಹಣದ ಜೊತೆಗೆ, ಅಥವಾ ಅದರ ಬದಲಿಗೆ, ನೆನಪಿಗೆ ಉಳಿಯುವ ವಸ್ತುವೊಂದನ್ನು ಕೊಡಬೇಕೆಂದು ಬಯಸುವವರು ಈಚೆಗೆ ಹೆಚ್ಚಾಗಿ ಹೆಸರು ಕೆತ್ತಿಸಿದ ಪವರ್ ಬ್ಯಾಂಕ್ ಕಡೆಗೆ ನೋಡುತ್ತಿದ್ದಾರೆ.

ಆಯ್ಕೆ ಕೆಟ್ಟದ್ದೇನಲ್ಲ. ‘ಮಟ್‌ಎನ್ ನಯ್ಯಾದ್’ ಎಂದು ಹೀಬ್ರೂವಿನಲ್ಲಿ ಕರೆಯುವ ಈ ವಸ್ತು ಅಲ್ಲಿ ಶೋಕಿಯ ಸಾಮಾನಲ್ಲ. ದಾಳಿಯ ಹೊತ್ತಿಗೆ ಆಶ್ರಯ ಪಡೆಯುವ ಮನೆಯ ಸುರಕ್ಷಿತ ಕೋಣೆಯಲ್ಲಿ ನೀರು, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳ ಜೊತೆ ಇರಬೇಕಾದ ವಸ್ತುಗಳ ಪಟ್ಟಿಯಲ್ಲಿ ಅಲ್ಲಿನ ಗೃಹರಕ್ಷಣಾ ಪಡೆಯೇ ಇದನ್ನೂ ಸೇರಿಸಿದೆ, ಏಕೆಂದರೆ ಅಪಾಯದ ಎಚ್ಚರಿಕೆ ಬರುವುದೇ ಬಹುಮಟ್ಟಿಗೆ ಫೋನಿನ ಮೂಲಕ. ಆದರೆ ಅಂಗಡಿಯವರು ನಮ್ಮೆದುರು ಇಡುವ ಹೋಲಿಕೆಗಳೆಲ್ಲ ಬ್ಯಾಟರಿಯ ಗಾತ್ರ, ವೇಗ, ಬೆಲೆಗಳ ಸುತ್ತಲೇ ಇರುತ್ತವೆ. ನನ್ನ ಮಟ್ಟಿಗೆ ಅವು ಎರಡನೆಯ ಸಾಲಿನ ವಿಚಾರಗಳು. ಹೆಸರನ್ನು ಹೇಗೆ ಬರೆಯಿಸುತ್ತೀರಿ ಮತ್ತು ಯಾವುದರ ಮೇಲೆ ಬರೆಯಿಸುತ್ತೀರಿ ಎಂಬ ಎರಡು ತೀರ್ಮಾನಗಳು ಸರಿಯಾಗಿದ್ದರೆ ಸಾಧಾರಣ ಪವರ್ ಬ್ಯಾಂಕ್ ಕೂಡ ಒಳ್ಳೆಯ ಉಡುಗೊರೆಯಾಗುತ್ತದೆ. ಅವು ತಪ್ಪಿದರೆ ಎಷ್ಟೇ ದುಬಾರಿಯದಾದರೂ ಡ್ರಾಯರಿನ ತಳ ಸೇರುತ್ತದೆ.

ಮೊದಲು ಹೆಸರು

ನುಡಿದಂತೆ ಬರೆಯುವ ಲಿಪಿಯಲ್ಲಿ ಬೆಳೆದ ನಮಗೆ ಹೆಸರಿನ ಉಚ್ಚಾರಣೆ ಗೊತ್ತಿದ್ದರೆ ಅಕ್ಷರವೂ ಗೊತ್ತಿದ್ದಂತೆಯೇ. ಹೀಬ್ರೂವಿನಲ್ಲಿ ಈ ನಂಬಿಕೆ ಕೈಕೊಡುತ್ತದೆ. ಅದರ 22 ಅಕ್ಷರಗಳೂ ವ್ಯಂಜನಗಳು. ಸ್ವರವನ್ನು ತೋರಿಸುವ ‘ನಿಕ್ಕೂದ್’ ಎಂಬ ಚುಕ್ಕೆ-ಗೆರೆಗಳನ್ನು ಮಕ್ಕಳ ಪುಸ್ತಕ, ಕವಿತೆ, ಪ್ರಾರ್ಥನಾ ಪುಸ್ತಕಗಳಲ್ಲಿ ಬಳಸುತ್ತಾರೆಯೇ ಹೊರತು ದಿನನಿತ್ಯದ ಬರವಣಿಗೆಯಲ್ಲಿ ಬಿಟ್ಟುಬಿಡುತ್ತಾರೆ. ಮೇಲಾಗಿ ಇಂದಿನ ಉಚ್ಚಾರಣೆಯಲ್ಲಿ ಒಂದೇ ಆಗಿ ಕೇಳಿಸುವ ಧ್ವನಿಗೆ ಎರಡೆರಡು ಅಕ್ಷರಗಳಿವೆ. ನಾವು ‘ಕ’ ಎಂದು ಬರೆದುಕೊಂಡದ್ದು ಕಾಫ್ ಆಗಿರಬಹುದು, ಕೋಫ್ ಆಗಿರಬಹುದು, ‘ತ’ಕಾರ ತೇತ್ ಆಗಿರಬಹುದು, ತಾವ್ ಆಗಿರಬಹುದು, ‘ಸ’ಕಾರ ಸಾಮೆಖ್ ಆಗಿರಬಹುದು, ಚುಕ್ಕೆ ಎಡಕ್ಕಿರುವ ಶಿನ್ ಆಗಿರಬಹುದು. ಆದ್ದರಿಂದ ಕಿವಿಯಲ್ಲಿ ಕೇಳಿದ ಹೆಸರನ್ನು ನಾವೇ ಅಕ್ಷರಕ್ಕಿಳಿಸುವ ಸಾಹಸಕ್ಕೆ ಕೈಹಾಕಬಾರದು.

ಒಂದು ಉದಾಹರಣೆ ಸಾಕು. ಇಸ್ರೇಲಿನಲ್ಲಿ ಹುಡುಗಿಯರಿಗೆ ಇಡುವ ಅತ್ಯಂತ ಜನಪ್ರಿಯ ಹೆಸರುಗಳಲ್ಲಿ ಒಂದಾದ ನೋಆ ಎಂಬುದನ್ನು ನೂನ್, ವಾವ್, ಆಯಿನ್, ಹೇ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಾರೆ. ನಾವೆ ಕಟ್ಟಿದ ನೋಹನ ಹೆಸರಿನಲ್ಲಿ ಮೂಲತಃ ಇರುವುದು ನೂನ್ ಮತ್ತು ಹೇತ್ ಎಂಬ ಎರಡೇ ಅಕ್ಷರಗಳು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಈ ಎರಡು ಹೆಸರುಗಳ ನಡುವಿನ ವ್ಯತ್ಯಾಸ ಬಹುಪಾಲು ಅಳಿಸಿಹೋಗುತ್ತದೆ. ಅದನ್ನು ಅನುವಾದದ ಆ್ಯಪ್‌ಗೆ ಹಾಕಿ ಬಂದ ಉತ್ತರವನ್ನು ಹಾಗೆಯೇ ಅಂಗಡಿಗೆ ಕಳುಹಿಸಿದರೆ, ಹನ್ನೆರಡು ವರ್ಷದ ಹುಡುಗಿಗೆ ಜಲಪ್ರಳಯದ ಮುದುಕನ ಹೆಸರಿರುವ ಚಾರ್ಜರ್ ತಲುಪುವ ಸಾಧ್ಯತೆ ಚೆನ್ನಾಗಿಯೇ ಇದೆ.

ಹಾಗಾದರೆ ಮಾರ್ಗವೇನು? ಹೆಸರನ್ನು ಆ ಮನೆಯವರಿಂದಲೇ ಹೀಬ್ರೂವಿನಲ್ಲಿ ಟೈಪು ಮಾಡಿಸಿಕೊಂಡು ಸಂದೇಶವಾಗಿ ಪಡೆಯುವುದು. ಉಡುಗೊರೆಯ ಗುಟ್ಟು ಉಳಿಯಬೇಕೆಂದರೆ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಅಚ್ಚಾಗಿರುತ್ತದೆ, ಅದೇ ಅತ್ಯುತ್ತಮ ಆಧಾರ. ಇಸ್ರೇಲಿನ ಹೊರಗೆ, ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಯಹೂದಿ ಸ್ನೇಹಿತರಿಗೆ ಕೊಡುವುದಾದರೆ ಇನ್ನೂ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಅಲ್ಲಿನ ಅನೇಕರಿಗೆ ಶಾಲೆ-ಕಚೇರಿಗಳಲ್ಲಿ ಒಂದು ಹೆಸರು, ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಧರ್ಮಗ್ರಂಥದ ಪಾರಾಯಣಕ್ಕೆ ಕರೆಯುವಾಗ ಮತ್ತೊಂದು ಹೀಬ್ರೂ ಹೆಸರು ಇರುತ್ತದೆ. ಎರಡನೆಯದು ‘ಇಂಥವರ ಮಗ’ ಎಂಬರ್ಥದ ‘ಬೆನ್’ ಅಥವಾ ‘ಇಂಥವರ ಮಗಳು’ ಎಂಬರ್ಥದ ‘ಬಾತ್’ ಸೇರಿಕೊಂಡು ಉದ್ದವಾಗುತ್ತದೆ. ನಮ್ಮಲ್ಲಿ ಜನ್ಮನಾಮವೂ ಕರೆಯುವ ಹೆಸರೂ ಬೇರೆಯಾಗಿರುವಂತೆಯೇ ಇದು. ಯಾವುದನ್ನು ಕೆತ್ತಿಸಿದರೆ ಅವರಿಗೆ ತನ್ನದು ಎನಿಸುತ್ತದೆ ಎಂಬುದನ್ನು ಊಹಿಸದೆ ಕೇಳುವುದೇ ಲೇಸು.

ಹೆಸರು ಸರಿಯಾಗಿ ಸಿಕ್ಕ ಮೇಲೂ ಕೆತ್ತುವ ಕಂಪ್ಯೂಟರಿನಲ್ಲಿ ಅದು ಕೆಡುವುದುಂಟು. ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದ ಫ್ಲೆಕ್ಸ್ ಬ್ಯಾನರುಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೀಬ್ರೂವಿನ ತೊಂದರೆ ದಿಕ್ಕಿನದು. ಬಲದಿಂದ ಎಡಕ್ಕೆ ಸಾಗುವ ಅದನ್ನು ಆ ವ್ಯವಸ್ಥೆಯಿಲ್ಲದ ತಂತ್ರಾಂಶ ಎಡದಿಂದ ಬಲಕ್ಕೆ ತಿರುಗಿಸಿಬಿಡುತ್ತದೆ. ನಾನು ಮೊದಲ ಬಾರಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ‘ಮಿರ್ಯಮ್’ ಎಂದು ಕೆತ್ತಿಸಿದಾಗ ಆದದ್ದು ಇದೇ. ಭಾಷೆ ತಿಳಿಯದ ನನಗೂ ಕೆತ್ತುವವನಿಗೂ ಅದು ಅಂದವಾಗಿಯೇ ಕಂಡಿತ್ತು. ಈಗಲಾದರೆ ಒಂದು ಸುಲಭದ ಗುರುತಿನಿಂದ ಅದನ್ನು ಹಿಡಿಯಬಲ್ಲೆ: ಕಾಫ್, ಮೇಮ್, ನೂನ್, ಪೇ, ತ್ಸಾದಿ ಎಂಬ ಐದು ಅಕ್ಷರಗಳಿಗೆ ಪದದ ಕೊನೆಯಲ್ಲಿ ಬಂದಾಗ ಬೇರೆಯೇ ರೂಪವಿದೆ. ಮಿರ್ಯಮ್ ಎಂಬುದರ ಕೊನೆಯ ಮೇಮ್ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂತಿರುತ್ತದೆ, ಅದು ಎಡತುದಿಯಲ್ಲಿರಬೇಕು. ಬಲತುದಿಯಲ್ಲಿ ಕಂಡರೆ ಹೆಸರು ತಿರುಗಿದೆ ಎಂದೇ ಅರ್ಥ. ಯೋಸೆಫ್, ಬಿನ್ಯಾಮಿನ್, ಅವ್ರಹಾಮ್ ಮುಂತಾದ ಹೆಸರುಗಳನ್ನೂ ಹೀಗೆಯೇ ಪರೀಕ್ಷಿಸಬಹುದು. ದಾವೀದ್ ಎಂಬ ಹೆಸರಿನವರು ಮಾತ್ರ ಈ ಅಪಾಯದಿಂದ ಪಾರು: ದಾಲೆತ್, ವಾವ್, ದಾಲೆತ್ ಎಂಬ ಅದರ ಮೂರಕ್ಷರ ಹೇಗೆ ತಿರುಗಿಸಿದರೂ ಅದೇ. (ಅದೇ ಮೂರಕ್ಷರವನ್ನು ‘ದೋದ್’ ಎಂದು ಓದಿದರೆ ಚಿಕ್ಕಪ್ಪ ಅಥವಾ ಮಾವ, ‘ದೂದ್’ ಎಂದು ಓದಿದರೆ ಅಲ್ಲಿನ ಮನೆಗಳ ತಾರಸಿಯ ಮೇಲಿರುವ ನೀರು ಕಾಯಿಸುವ ಹಂಡೆ. ಹೆಸರಿನ ಜಾಗದಲ್ಲಿ ಬರೆದಾಗ ಯಾರೂ ಹಾಗೆ ಓದುವುದಿಲ್ಲ ಬಿಡಿ.)

ತಿರುಗುವ ತೊಂದರೆಯನ್ನು ತಪ್ಪಿಸಲು ಹೆಸರನ್ನು ಅಕ್ಷರವಾಗಿ ಕಳುಹಿಸದೆ ಚಿತ್ರವಾಗಿ, ಸಾಧ್ಯವಾದರೆ ಗೆರೆಗಳಾಗಿ ಪರಿವರ್ತಿಸಿದ ವೆಕ್ಟರ್ ಕಡತವಾಗಿ ಕಳುಹಿಸಬೇಕು. ಆಗ ಅಂಗಡಿಯ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇದೆ, ಯಾವುದಿಲ್ಲ ಎಂಬ ಪ್ರಶ್ನೆಯೂ ಏಳುವುದಿಲ್ಲ. ಅಂಗಡಿಯವರು ಕಳುಹಿಸುವ ಮಾದರಿ ಚಿತ್ರವನ್ನು ಹೀಬ್ರೂ ಓದಬಲ್ಲ ಒಬ್ಬರಿಗಾದರೂ ತೋರಿಸಿ ಒಪ್ಪಿಗೆ ಪಡೆಯದೆ ಕೆತ್ತನೆಗೆ ಹೂಂ ಅನ್ನಬಾರದು.

ಅಕ್ಷರಶೈಲಿಯ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಇಸ್ರೇಲಿಗಳು ಕೈಬರಹಕ್ಕೆ ಬಳಸುವ ಮೋಡಿಯಂತಹ ರೂಪವು ಅಚ್ಚಿನ ರೂಪಕ್ಕಿಂತ ಬಹಳ ಬೇರೆಯಾಗಿದ್ದು, ನೋಡಲು ಆತ್ಮೀಯವಾಗಿದ್ದರೂ, ಭಾಷೆ ತಿಳಿಯದವರಿಗೆ ಅದನ್ನು ಪರೀಕ್ಷಿಸುವುದು ಅಸಾಧ್ಯ. ಆದ್ದರಿಂದ ಅಚ್ಚಿನ ಅಕ್ಷರವೇ ನಮಗೆ ಕ್ಷೇಮ. ಅಚ್ಚಿನಲ್ಲಿಯೂ ಸಾಂಪ್ರದಾಯಿಕ ಶೈಲಿಗಳಲ್ಲಿ ಅಡ್ಡಗೆರೆ ದಪ್ಪ, ನೇರಗೆರೆ ತೆಳು. ಚಿಕ್ಕದಾಗಿ ಕೆತ್ತಿದಾಗ ಆ ತೆಳುಗೆರೆ ಮಾಯವಾಗುತ್ತದೆ. ಇಸ್ಮಾರ್ ಡೇವಿಡ್ ರೂಪಿಸಿ 1954ರಲ್ಲಿ ಹೊರಬಂದ, ಆತನ ಹೆಸರಿನದೇ ಆದ ಫಾಂಟ್ ಕಾಗದದ ಮೇಲೆ ಬಲು ಸೊಗಸು, ಆದರೆ ಲೋಹದ ಮೇಲಿನ ಸಣ್ಣ ಕೆತ್ತನೆಗೆ ಎಲ್ಲ ಗೆರೆಗಳೂ ಒಂದೇ ದಪ್ಪವಿರುವ ಸರಳ ಶೈಲಿಯನ್ನೇ ನಾನು ಆರಿಸುತ್ತೇನೆ. ಅಕ್ಷರದ ಎತ್ತರ ಎಂಟು ಮಿಲಿಮೀಟರಿಗಿಂತ ಕಡಿಮೆಯಾಗಲು ಬಿಡುವುದಿಲ್ಲ. ಕಾರಣವಿದೆ. ಹೇ ಮತ್ತು ಹೇತ್‌ಗಳ ನಡುವಿನ ವ್ಯತ್ಯಾಸ ಎಡಗಾಲಿನ ಮೇಲ್ತುದಿಯಲ್ಲಿರುವ ಒಂದು ಕಿರುಸಂದು ಮಾತ್ರ. ದಾಲೆತ್ ಮತ್ತು ರೇಶ್‌ಗಳ ನಡುವಿನದು ಬಲಮೂಲೆ ಚೂಪಾಗಿದೆಯೇ ದುಂಡಾಗಿದೆಯೇ ಎಂಬುದು. ಶಿನ್, ರೇಶ್, ಹೇ ಎಂದು ಬರೆಯುವ ಸಾರಾ ಎಂಬ ಹೆಸರಿನಲ್ಲಿ ಆ ಸಂದು ಮುಚ್ಚಿಹೋದರೆ ಅದು ಸೆರಹ್ ಎಂಬ ಬೇರೆಯೇ ಹೆಣ್ಣಿನ ಹೆಸರಾಗುತ್ತದೆ. ಅದೂ ಬೈಬಲಿನಲ್ಲಿಯೇ ಬರುವ, ಆಶೇರನ ಮಗಳ ಹೆಸರು.

ಹೆಸರಿನ ಜೊತೆ ಇನ್ನೇನನ್ನಾದರೂ ಸೇರಿಸಬೇಕೇ? ಹೀಬ್ರೂ ವರ್ಷವನ್ನು ಸೇರಿಸುವವರಿದ್ದಾರೆ. 2025ರ ಸೆಪ್ಟೆಂಬರಿನಿಂದ 2026ರ ಸೆಪ್ಟೆಂಬರಿನವರೆಗಿನ 5786ನೆಯ ವರ್ಷವನ್ನು ತಾವ್, ಶಿನ್, ಪೇ, ವಾವ್ ಎಂಬ ನಾಲ್ಕು ಅಕ್ಷರಗಳಲ್ಲಿ, ಕೊನೆಯ ಅಕ್ಷರದ ಮುಂಚೆ ಎರಡು ಕಿರುಗೆರೆಯ ಗುರುತು ಹಾಕಿ ಬರೆಯುತ್ತಾರೆ. ಇದು ಚಂದ. ಆದರೆ ಧರ್ಮಗ್ರಂಥದ ವಾಕ್ಯವನ್ನೋ ಆಶೀರ್ವಚನವನ್ನೋ ಸೇರಿಸುವುದು ಬೇಡ. ದೇವರ ನಾಮವಿರುವ ಬರಹವನ್ನು ಕಸಕ್ಕೆ ಎಸೆಯಬಾರದೆಂದೂ, ಸವೆದ ಮೇಲೆ ‘ಗೆನಿಜಾ’ ಎಂಬ ಪ್ರತ್ಯೇಕ ಜಾಗದಲ್ಲಿ ಕೂಡಿಟ್ಟು ಹೂಳಬೇಕೆಂದೂ ಯಹೂದಿ ಸಂಪ್ರದಾಯ ಹೇಳುತ್ತದೆ. ಕೆಲವು ವರ್ಷಗಳಲ್ಲಿ ಬಿಸಾಡಲೇಬೇಕಾದ ಬ್ಯಾಟರಿಯ ಮೇಲೆ ಅಂಥದ್ದನ್ನು ಬರೆಯಿಸಿ ಭಕ್ತ ಮನೆತನವನ್ನು ಇಕ್ಕಟ್ಟಿಗೆ ಸಿಲುಕಿಸುವುದು ಉಡುಗೊರೆಯ ಉದ್ದೇಶವಲ್ಲವಲ್ಲ. ಮನುಷ್ಯರ ಸಾಮಾನ್ಯ ಹೆಸರಿಗೆ ಈ ತೊಡಕಿಲ್ಲ.

ಯಾವುದರ ಮೇಲೆ ಬರೆಯಿಸುವುದು

ಬಣ್ಣದ ಆನೊಡೈಸ್ಡ್ ಅಲ್ಯೂಮಿನಿಯಂ ಕವಚದ ಮೇಲೆ ಫೈಬರ್ ಲೇಸರ್ ಕೆತ್ತನೆ ಮಾಡಿಸುವುದು ಮೊದಲನೆಯ ಆಯ್ಕೆ. ಇಲ್ಲಿ ನಿಜವಾಗಿ ಆಳವಾದ ಕೆತ್ತನೆ ನಡೆಯುವುದಿಲ್ಲ; ಕೂದಲೆಳೆಗಿಂತಲೂ ತೆಳುವಾದ ಬಣ್ಣದ ಪದರವನ್ನು ಲೇಸರ್ ತೆಗೆದುಹಾಕಿದಾಗ ಒಳಗಿನ ಲೋಹದ ಬಿಳುಪು ಅಕ್ಷರವಾಗಿ ಕಾಣುತ್ತದೆ. ಅಂಚುಗಳು ಚೂಪಾಗಿ ಬರುವುದರಿಂದ ದಾಲೆತ್ ದಾಲೆತ್‌ ಆಗಿಯೇ ಉಳಿಯುತ್ತದೆ, ಜೇಬಿನಲ್ಲಿ ಬೀಗದ ಕೈಗಳ ಜೊತೆ ಉಜ್ಜಿದರೂ ಅಳಿಸುವುದಿಲ್ಲ. ಕಪ್ಪು ಅಥವಾ ಕಡುನೀಲಿ ಕವಚದ ಮೇಲೆ ಅಕ್ಷರ ಎದ್ದು ಕಾಣುತ್ತದೆ. ಬೆಳ್ಳಿಬಣ್ಣದ ಕವಚವನ್ನು ಆರಿಸಿದರೆ ಹೆಸರು ಇದ್ದೂ ಇಲ್ಲದಂತೆ. ಇದಕ್ಕೆ ಒಂದೇ ಮಿತಿಯೆಂದರೆ, ವೈರಿಲ್ಲದೆ ಚಾರ್ಜ್ ಮಾಡುವ ಮಾದರಿಗಳಲ್ಲಿ ಫೋನ್ ಕೂರುವ ಬದಿಯನ್ನು ಲೋಹದಿಂದ ಮಾಡಲಾಗುವುದಿಲ್ಲ.

ಪ್ಲಾಸ್ಟಿಕ್ ಕವಚಕ್ಕೆ ಯುವಿ ಮುದ್ರಣ ಹೊಂದುತ್ತದೆ. ಶಾಯಿಯನ್ನು ಅತಿನೇರಳೆ ಬೆಳಕಿನಲ್ಲಿ ಗಟ್ಟಿಗೊಳಿಸುವ ಈ ವಿಧಾನದಲ್ಲಿ ಬೇಕಾದ ಬಣ್ಣ ಸಿಗುತ್ತದೆ, ಖರ್ಚೂ ಕಡಿಮೆ. ಆದರೆ ನಾಣ್ಯ, ಕೀಲಿಗಳ ಉಜ್ಜುವಿಕೆಗೆ ಅದು ಮೂಲೆಗಳಿಂದ ಸವೆಯತೊಡಗುತ್ತದೆ, ಹೀಬ್ರೂವಿನಲ್ಲಿ ಮೂಲೆಗಳೇ ಅಕ್ಷರದ ಜೀವ ಎಂಬುದನ್ನು ಆಗಲೇ ನೋಡಿದೆವು. ಬಿದಿರು ಅಥವಾ ಮರದ ಮೇಲ್ಪದರವಿರುವವುಗಳ ಮೇಲೆ ಲೇಸರ್ ಸುಟ್ಟು ಮಾಡಿದ ಕಂದು ಬರಹ ಅಂಗಡಿಯ ಚಿತ್ರದಲ್ಲಿ ಮನಸೆಳೆಯುತ್ತದೆ. ಎಳೆಗಳು ಒತ್ತಾಗಿರುವ ಕಡೆ ಸಣ್ಣ ಸಂದುಗಳು ಎಳೆಯಲ್ಲಿಯೇ ಕಳೆದುಹೋಗುವುದರಿಂದ ನಾನು ಅದನ್ನು ಮೂರ್ನಾಲ್ಕು ಅಕ್ಷರದ, ದೊಡ್ಡದಾಗಿ ಬರೆಯಬಹುದಾದ ಹೆಸರಿಗೆ ಮಾತ್ರ ಒಪ್ಪುತ್ತೇನೆ. ಅಂಟಿಸುವ ಸ್ಟಿಕ್ಕರ್ ಬಗ್ಗೆ ಹೇಳುವುದೇನೂ ಇಲ್ಲ. ಅದು ಹೆಸರಿನ ಚೀಟಿ, ಉಡುಗೊರೆಯಲ್ಲ.

ನಾಲ್ಕನೆಯ ಆಯ್ಕೆಯೇ ನನಗೆ ಅತ್ಯಂತ ಹಿಡಿಸಿದ್ದು: ಪವರ್ ಬ್ಯಾಂಕ್‌ ಅನ್ನು ಬೋಳಾಗಿಯೇ ಬಿಟ್ಟು, ಅದು ಕೂರುವ ಚರ್ಮದ ಚೀಲದ ಮೇಲೆ ಹೆಸರು ಬರೆಯಿಸುವುದು. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಬಾರಿ ಪೂರ್ತಿ ತುಂಬಿ ಬರಿದಾಗುವಷ್ಟರಲ್ಲಿ ತನ್ನ ಸಾಮರ್ಥ್ಯದ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಬಳಸದೆ ಇಟ್ಟರೂ ಅದು ಮುಪ್ಪಾಗುತ್ತದೆ. ಹೆಸರು ಬ್ಯಾಟರಿಯ ಮೇಲಿದ್ದರೆ ಅದರೊಡನೆಯೇ ಹೋಗುತ್ತದೆ. ಚೀಲದ ಮೇಲಿದ್ದರೆ ಒಳಗಿನದನ್ನು ಬದಲಿಸಿಕೊಳ್ಳಬಹುದು, ಅಥವಾ ಅದರಲ್ಲಿ ಇಯರ್‌ಫೋನನ್ನೋ ಕೇಬಲ್ಲನ್ನೋ ಇಟ್ಟುಕೊಳ್ಳಬಹುದು. ನಿಜವಾದ ಚರ್ಮದ ಮೇಲೆ ಲೇಸರಿನಿಂದ ಸುಟ್ಟು ಬರೆಯಿಸಬಹುದು, ಇಲ್ಲವೇ ಅಚ್ಚನ್ನು ಕಾಯಿಸಿ ಚಿನ್ನದ ಬಣ್ಣದ ಹಾಳೆಯೊಡನೆ ಒತ್ತಿಸಬಹುದು. ರೆಕ್ಸಿನ್ ಚೀಲವನ್ನು ಮಾತ್ರ ಲೇಸರಿಗೆ ಕೊಡಬಾರದು. ಅದರಲ್ಲಿ ಪಿವಿಸಿ ಇದ್ದರೆ ಸುಡುವಾಗ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಬರುತ್ತದೆ, ತಿಳಿದ ಅಂಗಡಿಯವರು ಒಪ್ಪುವುದೇ ಇಲ್ಲ. ಬಟ್ಟೆಯ ಚೀಲಕ್ಕೆ ಕಸೂತಿ ಹಾಕಿಸುವ ಯೋಚನೆಯಿದ್ದರೆ ಅಕ್ಷರ ದೊಡ್ಡದಿರಲಿ, ಏಕೆಂದರೆ ದಾರದ ಹೊಲಿಗೆಗೆ ಚೂಪು ಮೂಲೆ ಒಗ್ಗದು. ಒಂದು ಎಚ್ಚರಿಕೆ: ಚೀಲ ಸಾಗಿಸಲು ಇರುವುದು, ಚಾರ್ಜ್ ಮಾಡುವಾಗ ಪವರ್ ಬ್ಯಾಂಕ್ ಹೊರಗಿರಬೇಕು, ಇಲ್ಲದಿದ್ದರೆ ಬಿಸಿ ಒಳಗೇ ಉಳಿಯುತ್ತದೆ.

ಸಾಧನದ ಮೇಲೆಯೇ ಬರೆಯಿಸುವವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದಾಗಿ, ಸೂಜಿಮೊನೆಯ ಯಂತ್ರದಿಂದ ಆಳವಾಗಿ ಕೊರೆಯುವ ಕೆತ್ತನೆ ಬೇಡವೇ ಬೇಡ. ತೆಳು ಮಾದರಿಗಳಲ್ಲಿ ಕವಚದ ಕೆಳಗೇ ಮೆತ್ತನೆಯ ಪೊಟ್ಟಣದಂತಹ ಲಿಥಿಯಂ ಪಾಲಿಮರ್ ಕೋಶವಿರುತ್ತದೆ, ಅದಕ್ಕೆ ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಎರಡನೆಯದಾಗಿ, ಸಾಮರ್ಥ್ಯ, ವೋಲ್ಟೇಜ್, ವಾಟ್-ಅವರ್ ಅಚ್ಚಾಗಿರುವ ಬದಿಯನ್ನು ಮುಟ್ಟಿಸಬಾರದು. ಹೆಸರಿಗೆ ಜಾಗ ಬೇಕೆಂದು ಆ ಸಣ್ಣ ಅಕ್ಷರಗಳನ್ನು ಅಳಿಸಿಬಿಟ್ಟರೆ ವಿಮಾನ ನಿಲ್ದಾಣದಲ್ಲಿ ಅದು ಗುರುತಿಲ್ಲದ ಬ್ಯಾಟರಿಯಾಗುತ್ತದೆ, ಉಡುಗೊರೆ ಅಲ್ಲಿಯೇ ಉಳಿಯಬೇಕಾಗಬಹುದು.

ಗಾತ್ರ

ಪೆಟ್ಟಿಗೆಯ ಮೇಲೆ ಬರೆದಿರುವ ಮಿಲಿ ಆಂಪಿಯರ್-ಅವರ್ ಲೆಕ್ಕ ಒಳಗಿನ ಕೋಶದ ಸುಮಾರು 3.7 ವೋಲ್ಟಿನದು. ಫೋನಿಗೆ ಹೋಗುವಾಗ ವೋಲ್ಟೇಜ್ ಏರಿಸಬೇಕು, ಆ ದಾರಿಯಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ 10,000 ಎಂದು ಬರೆದಿರುವುದರಿಂದ 5,000ದ ಬ್ಯಾಟರಿಯಿರುವ ಫೋನು ಎರಡು ಬಾರಿ ತುಂಬುವುದಿಲ್ಲ. ಒಂದೂವರೆ ಬಾರಿ ತುಂಬಿದರೆ ಅದು ಒಳ್ಳೆಯ ಪವರ್ ಬ್ಯಾಂಕ್. ಪ್ರಾಮಾಣಿಕ ತಯಾರಕರು ‘ರೇಟೆಡ್’ ಎಂಬ ಎರಡನೆಯ, ಚಿಕ್ಕ ಅಂಕಿಯನ್ನೂ ಅಚ್ಚುಹಾಕಿರುತ್ತಾರೆ, ಹೋಲಿಸಬೇಕಾದದ್ದು ಅದನ್ನು.

ಹದಿಹರೆಯದವರಿಗೆ ಸುಮಾರು ಇನ್ನೂರು ಗ್ರಾಂ ತೂಗುವ, 20 ವಾಟ್ ಅಥವಾ ಅದಕ್ಕಿಂತ ಹೆಚ್ಚು ವೇಗದ, ಯುಎಸ್‌ಬಿ-ಸಿ ಕಿಂಡಿಯಿರುವ 10,000ದ ಅಲ್ಯೂಮಿನಿಯಂ ಮಾದರಿಯೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಶಾಲೆಯ ಚೀಲಕ್ಕೂ ಹಗುರ, ಹೆಸರಿಗೂ ಸಾಕಷ್ಟು ಬಯಲು. ಫೋನಿನ ಬೆನ್ನಿಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ 5,000ದ ಪುಟ್ಟ ಮಾದರಿಗಳನ್ನು ಮಕ್ಕಳು ಹೆಚ್ಚು ಇಷ್ಟಪಡುತ್ತಾರೆ ಎಂಬುದು ನಿಜವೇ. ಆದರೆ ವೈರಿಲ್ಲದ ದಾರಿಯಲ್ಲಿ ನಷ್ಟ ಹೆಚ್ಚು, ಬಿಸಿಯೂ ಹೆಚ್ಚು, ದೊಡ್ಡ ಫೋನೊಂದನ್ನು ಅದು ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ತುಂಬೀತು ಅಷ್ಟೆ. ಫೋನಿನ ಒಳಗೆ ಅಯಸ್ಕಾಂತದ ಉಂಗುರವಿಲ್ಲದಿದ್ದರೆ ಅಂಟಿಕೊಳ್ಳುವುದೂ ಇಲ್ಲ. ಹೆಸರನ್ನು ಹೊರಮುಖದ ಮೇಲೆ ಮಾತ್ರ ಬರೆಯಿಸಬೇಕು.

ಮನೆಯ ಅಜ್ಜ-ಅಜ್ಜಿಯರಿಗೆ ಕೊಡುವವರು ಬೇರೆಯೇ ದಾರಿ ಹಿಡಿಯಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಅಯಸ್ಕಾಂತದ ಮಾದರಿ ಬೇಡ; ಅಂಥ ಸಾಧನಗಳನ್ನು ಎದೆಯಿಂದ ದೂರ ಇಡಬೇಕೆಂದು ಫೋನ್ ತಯಾರಕರೇ ಎಚ್ಚರಿಸುತ್ತಾರೆ, ಶರ್ಟಿನ ಜೇಬು ಇರುವುದೇ ಅಲ್ಲಿ. ಗುಂಡಿಯ ಹಳೆಯ ಫೋನು, ಶ್ರವಣಸಾಧನದ ಪೆಟ್ಟಿಗೆ ಮುಂತಾದವು ಎಳೆದುಕೊಳ್ಳುವ ವಿದ್ಯುತ್ ತೀರ ಕಡಿಮೆಯಾದ್ದರಿಂದ, ಏನೂ ಜೋಡಿಸಿಲ್ಲವೆಂದು ತಿಳಿದು ಅನೇಕ ಪವರ್ ಬ್ಯಾಂಕುಗಳು ತಾವಾಗಿಯೇ ಆರಿಹೋಗುತ್ತವೆ. ಕಡಿಮೆ ವಿದ್ಯುತ್ತಿನ ವಿಧಾನ ಪ್ರತ್ಯೇಕವಾಗಿ ಇರುವ ಮಾದರಿಯನ್ನು ಕೇಳಿ ಕೊಳ್ಳಬೇಕು. ಅಂತರಜಾಲವಿಲ್ಲದ ‘ಕೋಷರ್’ ಫೋನುಗಳನ್ನು ಬಳಸುವ ಕಟ್ಟಾ ಸಂಪ್ರದಾಯಸ್ಥರ ಮನೆಗೂ ಈ ಮಾತು ಅನ್ವಯಿಸುತ್ತದೆ. ಅವರ ಫೋನಿನ ಕಿಂಡಿ ಯಾವುದೆಂದು ಮೊದಲೇ ನೋಡಿಕೊಂಡು ತಕ್ಕ ಕೇಬಲ್ಲನ್ನೂ ಸೇರಿಸಿ ಕೊಡಬೇಕು.

ಸುರಕ್ಷಿತ ಕೋಣೆಯಲ್ಲಿ ಮನೆಮಂದಿಗೆಲ್ಲ ಒಂದು ಇರಲಿ ಎನ್ನುವುದಾದರೆ 20,000ದ್ದು ಬೇಕು. ಅದು ಭಾರ, ಜೇಬಿಗೆ ಒಗ್ಗದು, ಆದರೆ ಕುಟುಂಬದ ಅಡ್ಡಹೆಸರನ್ನು ದೊಡ್ಡದಾಗಿ ಬರೆಯಿಸಲು ಅದರ ಮೈ ಅಗಲವಾಗಿದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಯಾವುದನ್ನೂ ಬಿಡಬಾರದು. ನೆಗೆವ್ ಮರುಭೂಮಿಗೂ ರಾಯಚೂರಿಗೂ ಈ ವಿಷಯದಲ್ಲಿ ಭೇದವಿಲ್ಲ.

ಎಲ್ಲಿಂದ ಕೊಳ್ಳುವುದು, ಹೇಗೆ ತಲುಪಿಸುವುದು

ಇಸ್ರೇಲಿನಲ್ಲಿಯೇ ಇರುವವರು ಅಲ್ಲಿಯೇ ಮಾಡಿಸುವುದು ಎಲ್ಲ ದೃಷ್ಟಿಯಿಂದಲೂ ಸಲೀಸು. ಬೆಲೆ ಹೆಚ್ಚಾದೀತು, ಆದರೆ ಕೆತ್ತುವವರಿಗೆ ಭಾಷೆ ಗೊತ್ತು. ತಿರುಗಿದ ಹೆಸರನ್ನು ಅವರು ಯಂತ್ರಕ್ಕೆ ಕೊಡುವ ಮೊದಲೇ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಕೊಳ್ಳುವವರಿಗೆ ಎಸ್.ಪಿ. ರಸ್ತೆಯಲ್ಲಿ ಪವರ್ ಬ್ಯಾಂಕಿಗೇನೂ ಬರವಿಲ್ಲ, ಆದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಮತ್ತು ಐಎಸ್ 13252 ಎಂಬ ಸಂಖ್ಯೆ ಅದರ ಮೈಮೇಲೆ ಇದೆಯೇ ಎಂದು ನೋಡದೆ ಹಣ ಕೊಡಬಾರದು. ಇನ್ನೂರು ರೂಪಾಯಿ ಉಳಿಸಲು ಗುರುತಿಲ್ಲದ ಬ್ಯಾಟರಿಯನ್ನು ಬೇರೆಯವರ ಮಗುವಿನ ಕೈಗೆ ಕೊಡುವ ಧೈರ್ಯ ನನಗಂತೂ ಇಲ್ಲ.

ಕೊಂಡ ಮೇಲೆ ಅದನ್ನು ಅಂಚೆಯಲ್ಲಿ ಕಳುಹಿಸುತ್ತೇನೆ ಎಂಬ ಯೋಚನೆ ನಡೆಯುವುದಿಲ್ಲ. ಪವರ್ ಬ್ಯಾಂಕ್‌ ಅನ್ನು ವಾಯುಸಾರಿಗೆಯ ನಿಯಮಗಳು ಬಿಡಿ ಲಿಥಿಯಂ ಬ್ಯಾಟರಿ ಎಂದೇ ಎಣಿಸುತ್ತವೆ. 2016ರ ಏಪ್ರಿಲ್ 1ರಿಂದ ಅಂಥವನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದಕ್ಕೆ ನಿಷೇಧವಿದೆ. ಕೈಚೀಲದಲ್ಲಿಯೇ ಒಯ್ಯಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. 100 ವಾಟ್-ಅವರ್‌ವರೆಗೆ ಯಾರ ಅನುಮತಿಯೂ ಬೇಡ, ಅಲ್ಲಿಂದ 160ರವರೆಗೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. ಮಿಲಿ ಆಂಪಿಯರ್-ಅವರ್ ಅಂಕಿಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ: 10,000ಕ್ಕೆ 37, 20,000ಕ್ಕೆ 74. ಮಾರುಕಟ್ಟೆಯಲ್ಲಿ 26,800 ಎಂಬ ವಿಚಿತ್ರ ಅಂಕಿ ಕಾಣುವುದೇಕೆಂದು ಯೋಚಿಸಿದವರಿಗೆ ಉತ್ತರವೂ ಇಲ್ಲಿಯೇ ಇದೆ, ಅದು 99ರ ಆಸುಪಾಸಿನಲ್ಲಿ ನಿಲ್ಲುತ್ತದೆ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹೊತ್ತಿ ಉರಿದ ನಂತರ ಹಲವು ಸಂಸ್ಥೆಗಳು ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿವೆ. ನಮ್ಮವರು ಹೆಚ್ಚಾಗಿ ಹಿಡಿಯುವ ದುಬೈ ದಾರಿಯಲ್ಲಿ ಎಮಿರೇಟ್ಸ್ ಸಂಸ್ಥೆಯು 2025ರ ಅಕ್ಟೋಬರ್ 1ರಿಂದ ಒಬ್ಬ ಪ್ರಯಾಣಿಕರಿಗೆ 100 ವಾಟ್-ಅವರ್‌ಗಿಂತ ಕಡಿಮೆಯ ಒಂದೇ ಪವರ್ ಬ್ಯಾಂಕ್ ಎಂದು ಮಿತಿಗೊಳಿಸಿದೆ, ಹಾರಾಟದಲ್ಲಿ ಅದನ್ನು ಬಳಸುವಂತಿಲ್ಲ, ಸಾಮರ್ಥ್ಯದ ಅಂಕಿ ಅದರ ಮೇಲೆ ಕಾಣುವಂತಿರಬೇಕು. ಅಂದರೆ ಉಡುಗೊರೆಯದನ್ನು ಒಯ್ಯುವ ದಿನ ನಿಮ್ಮ ಸ್ವಂತದ್ದನ್ನು ಮನೆಯಲ್ಲಿ ಬಿಡಬೇಕಾಗುತ್ತದೆ.

ಬಣ್ಣದ ಕಾಗದದಲ್ಲಿ ಸುತ್ತಿ ಒಯ್ಯುವುದೂ ಬೇಡ. ಇಸ್ರೇಲಿಗೆ ಹೋಗುವ, ಅಲ್ಲಿಂದ ಬರುವ ವಿಮಾನಗಳ ಭದ್ರತಾ ಸಿಬ್ಬಂದಿ, ನಿಮ್ಮ ಸಾಮಾನನ್ನು ನೀವೇ ಕಟ್ಟಿದಿರಾ, ಯಾರಾದರೂ ಏನಾದರೂ ಕೊಟ್ಟು ಕಳುಹಿಸಿದ್ದಾರಾ ಎಂದು ತಪ್ಪದೆ ಕೇಳುತ್ತಾರೆ. ಊರಿನ ಸ್ನೇಹಿತರೊಬ್ಬರ ಕೈಯಲ್ಲಿ, ಬ್ಯಾಟರಿಯಿರುವ ಮುಚ್ಚಿದ ಪೊಟ್ಟಣವೊಂದನ್ನು ಕಳುಹಿಸಿದರೆ ಉತ್ತರ ಹೇಳಬೇಕಾದವರು ಆ ಸ್ನೇಹಿತರು. ಪೆಟ್ಟಿಗೆ ತೆರೆದಿರಲಿ, ಕೊಂಡ ರಸೀದಿ ಒಳಗಿರಲಿ, ಸುತ್ತುವ ಕಾಗದವನ್ನು ಬೇರೆಯಾಗಿ ಮಡಚಿ ಇಟ್ಟುಕೊಳ್ಳಲಿ.

ತಲುಪಿದ ಮೇಲೆ ಕೊಡುವ ಹೊತ್ತನ್ನೂ ನೋಡಿಕೊಳ್ಳಬೇಕು. ಬಾರ್ ಮಿತ್ಸ್ವಾದ ಪಾರಾಯಣ ಬಹುಪಾಲು ನಡೆಯುವುದು ಶನಿವಾರ ಬೆಳಗ್ಗೆ, ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್‌ನಂದು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಆಚರಣೆಯುಳ್ಳವರು ವಿದ್ಯುತ್ ಸಾಧನಗಳನ್ನು ಬಳಸುವುದಿರಲಿ, ಕೈಯಿಂದ ಎತ್ತುವುದೂ ಇಲ್ಲ. ಶುಕ್ರವಾರ ಮಧ್ಯಾಹ್ನವೇ ಮನೆಗೆ ಮುಟ್ಟಿಸಬೇಕು, ಇಲ್ಲವೇ ಶನಿವಾರ ರಾತ್ರಿಯ ಔತಣದಲ್ಲಿ ಕೊಡಬೇಕು. ಕೊಡುವ ಮುನ್ನ ಪೂರ್ತಿ ಚಾರ್ಜ್ ಮಾಡಿಟ್ಟಿದ್ದರೆ ಹುಡುಗ ಅಲ್ಲಿಯೇ ತನ್ನ ಫೋನಿಗೆ ಸಿಕ್ಕಿಸಿ ನೋಡಬಹುದು.